ಅಬ್ಬಾ ಹಾಕಿದ ಸಕ್ಕರೆ

ನಮ್ಮ ಅಬ್ಬಾ ಬಾಷುಮಿಯಾ ತೀರಿಹೋದ ದಿನ ಶಹಾಪುರದ ಬಜಾರಿನಲ್ಲಿ ಅರ್ಧ ಅಂಗಡಿಗಳು ತಾವಾಗಿಯೇ ಮುಚ್ಚಿದವು. ಅವರೇನು ಮೆಂಬರಲ್ಲ, ಸಾಹುಕಾರರಲ್ಲ. ಮಷೀನು ತುಳಿದು ತುಳಿದು ಬೆನ್ನು ಬಾಗಿದ ದರ್ಜಿ. ಆದರೆ ಅಣ್ಣತಮ್ಮಂದಿರ ಜಗಳವಿರಲಿ, ಗಂಡಹೆಂಡಿರ ಮುನಿಸಿರಲಿ, ಮಂದಿ ಠಾಣೆಗೆ ಹೋಗುವ ಮೊದಲು ಅವರ ಅಂಗಡಿ ಕಟ್ಟೆಗೆ ಬರುತ್ತಿದ್ದರು. ರಾಜಿಯಾದ ಮೇಲೆ ಅಬ್ಬಾ ಎರಡೂ ಕಡೆಯವರ ಬಾಯಿಗೆ ತಮ್ಮ ಕೈಯಾರೆ ಸಕ್ಕರೆ ಹಾಕುತ್ತಿದ್ದರು. “ಸಕ್ಕರಿ ತಿಂದ ಮ್ಯಾಲ ಮಾತ ತಿರಗಬಾರದ್ರಿ,” ಎನ್ನುತ್ತಿದ್ದರು. ತಿಂದವರು ಮಾತು ತಪ್ಪಿದ್ದನ್ನು ನಾನಂತೂ ಕೇಳಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತಿದೆ. ಅಬ್ಬಾ ಹಾಗಿರಲಿಲ್ಲ. ಹಾಗಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅಮ್ಮಾ ಹಜರಾಬೀಗೆ ಜ್ವರ ಬಂದರೆ ತಾವೇ ರೊಟ್ಟಿ ಬಡಿಯಲು ಕೂರುತ್ತಿದ್ದರು. ಒಂದು ರೊಟ್ಟಿಯಾದರೂ ದುಂಡಗಿರುತ್ತಿರಲಿಲ್ಲ. ಹಬ್ಬಕ್ಕೆ ನನ್ನ ತಮ್ಮ ಮುಜಫರನಿಗಿಂತ ಮೊದಲು ನನಗೆ ಬಟ್ಟೆ ಹೊಲಿಯುತ್ತಿದ್ದರು. ನನ್ನ ಕುರ್ತಾಕ್ಕೆ ಮರೆಯದೆ ಕಿಸೆ ಇಟ್ಟು, “ಪೆನ್ನು ಇಡಾಕ ಬೇಕಲ್ಲ ಬೇಟಾ,” ಎನ್ನುತ್ತಿದ್ದರು.

ನನ್ನ ಗೆಳತಿ ಪರಿಮಳಾಳ ಓದು ಬಿಡಿಸಿ ಮದುವೆ ಮಾಡಲು ಅವಳ ಅಪ್ಪ ಚಂದ್ರಾಮಪ್ಪ ಹೊರಟಾಗ ಅಬ್ಬಾ ನನ್ನನ್ನೂ ಕರೆದುಕೊಂಡು ಅವರ ಊರು ಸಗರಕ್ಕೆ ಹೋಗಿ ಅವರ ಅಂಗಳದಲ್ಲಿ ಕೂತುಬಿಟ್ಟರು.

“ಹುಡುಗಿಗಿ ಒಂದ್ ಮಾತ ಕೇಳಿಯೇನೋ ಚಂದ್ರಾಮ? ಆಕಿ ಏನ್ ನಿನ್ನ ಕೊಟ್ಟಿಗ್ಯಾಗಿನ ಎತ್ತೇನು, ಕೇಳಲಾರದ ಕೊಡಾಕ?”

ಚಂದ್ರಾಮಪ್ಪ ಕರಗಿದ, ಸಕ್ಕರೆ ತಿಂದ. ಹೆಮ್ಮೆಗೆ ನನ್ನ ಕಣ್ಣು ತುಂಬಿದವು. ಇಂಥ ಅಪ್ಪ ನನ್ನವರು ಎಂದು ದಾರಿಯುದ್ದಕ್ಕೂ ಅವರ ಕೈ ಬಿಡಲಿಲ್ಲ.

ಮರುವರ್ಷ ಪರಿಮಳಾ, ನಾನು ಇಬ್ಬರೂ ಪಿಯುಸಿ ಪಾಸಾದೆವು. ಫಲಿತಾಂಶ ಬಂದ ದಿನ ಅಬ್ಬಾ ಯಾವುದೋ ಪಂಚಾಯ್ತಿಗೆಂದು ಸುರಪುರಕ್ಕೆ ಹೋಗಿದ್ದರು. ಸಂಜೆ ಬಸ್ಸಿಳಿದು ಬಂದವರು ಮೊದಲು ಅಡುಗೆಮನೆಗೆ ಹೋದರು. ಆಮೇಲೆ ಹೊರಗೆ ಬಂದು ನನ್ನ ಮುಂದೆ ಸಕ್ಕರೆಯ ಪೊಟ್ಟಣ ಬಿಚ್ಚಿ, “ಬಾಯಿ ತೆಗಿ ಬೇಟಾ,” ಎಂದರು. ಪಾಸಾಗಿದ್ದಕ್ಕೆ ಎಂದುಕೊಂಡೆ. “ಇನ್ನೊಂದೀಟು ಹಾಕ್ರಿ ಅಬ್ಬಾ,” ಎಂದು ಕೇಳಿ ತಿಂದೆ.

ಒಳಗೆ ಹೋದರೆ ಅಮ್ಮಾ ಒಲೆಯ ಮುಂದೆ ಅಳುತ್ತಿದ್ದಳು. ಸುರಪುರದ ಒಂದು ಮನೆಯ ಹುಡುಗನಿಗೆ ಗೊತ್ತಾಗಿದ್ದ ಮದುವೆಯನ್ನು ಹುಡುಗಿಯ ಕಡೆಯವರು ಮುರಿದಿದ್ದರಂತೆ. ಎರಡು ಮನೆತನ ಬಡಿಗೆ ಹಿಡಿದು ನಿಂತಿದ್ದವಂತೆ. ಜಗಳ ಆರಿಸಲು ಅಬ್ಬಾ, ‘ನಿಮ್ಮ ಹುಡುಗನಿಗೆ ನನ್ನ ಮಗಳನ್ನು ಕೊಡುತ್ತೇನೆ’ ಎಂದು ಮಾತು ಕೊಟ್ಟು ಬಂದಿದ್ದರು. ನಾನು ಬೇಡಿ ಬೇಡಿ ತಿಂದದ್ದು ನನ್ನ ನಿಶ್ಚಯದ ಸಕ್ಕರೆ.

“ನನಗ ಯಾರೂ ಕೇಳಲೇ ಇಲ್ಲಲ್ರಿ ಅಬ್ಬಾ?”

ಅವರು ನನ್ನ ಮುಖ ನೋಡಲಿಲ್ಲ. “ಸಕ್ಕರಿ ತಿಂದೀಯಲ್ಲವಾ,” ಎಂದರು.

ಊರು ಹರಿದಲ್ಲಿ ನನ್ನನ್ನು ತೇಪೆ ಹಚ್ಚಿದರು. ಗಂಡ ಅತೀಕ ಕೆಟ್ಟವನಲ್ಲ, ಅದು ಬೇರೆ ಮಾತು. ಅಬ್ಬಾ ಆಗಾಗ ಸುರಪುರಕ್ಕೆ ಬಂದು ನನ್ನ ಮಗಳು ಮಸರತಳನ್ನು ಹೆಗಲ ಮೇಲೆ ಹೊತ್ತು ಓಣಿಯೆಲ್ಲ ತಿರುಗುತ್ತಿದ್ದರು. ತಪ್ಪಾಯಿತು ಎಂದು ಒಮ್ಮೆ ಅನ್ನಲಿ ಎಂದು ನಾನು ಕಾದದ್ದೇ ಕಾದದ್ದು. ಯಾದಗಿರಿಯ ಆಸ್ಪತ್ರೆಯಲ್ಲಿ ಕೊನೆಯ ಗುಟುಕು ನೀರನ್ನು ನನ್ನ ಕೈಯಿಂದಲೇ ಕುಡಿದರು. ಆಗಲೂ ಅನ್ನಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗೆ ಸಿಟ್ಟಿದೆ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಶಹಾಪುರದ ಮನೆ ತುಂಬ ಮಂದಿ. ಈಗ ಶಾಲೆಯ ಟೀಚರಾಗಿರುವ ಪರಿಮಳಾ ಎಲ್ಲರೆದುರು ಅತ್ತಳು. “ಬಾಷುಮಿಯಾ ಕಾಕಾ ಇರದಿದ್ರ ನಾ ಇವತ್ತ ಯಾರದೋ ಹೊಲದಾಗ ಕಸ ತೆಗಿತಿದ್ದೆ.” ಆಮೇಲೆ ನನ್ನ ಕೈ ಹಿಡಿದು, “ಅಂಥವರ ಹೊಟ್ಟ್ಯಾಗ ಹುಟ್ಟೀದಿ ಗುಲ್ನಾಜ್, ಪುಣ್ಯವಂತಿ ನೀ,” ಎಂದಳು. ನಾನು ಸುಮ್ಮನೆ ತಲೆಯಾಡಿಸಿದೆ.

ಅಷ್ಟರಲ್ಲಿ ಮುಜಫರ ಒಳಬಂದ. ಅಬ್ಬಾನ ಕಟ್ಟೆಯ ಮೇಲೆ ಈಗ ಅವನೇ ಕೂರುತ್ತಾನೆ. ಮಸರತಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಬಂದವರಿಗೆಲ್ಲ ಅದನ್ನೇ ಹೇಳುತ್ತ ಕೂತಿದ್ದಳು. ಅವನು ಅವಳ ಮುಂದೆ ಮುಷ್ಟಿ ಬಿಚ್ಚಿ, “ಬಾಯಿ ತೆಗಿ ಬೇಟಾ,” ಎಂದ. ಅಂಗೈಯಲ್ಲಿ ಸಕ್ಕರೆ. ಹುಚ್ಚು ಹುಡುಗಿ ನಗುತ್ತ ಬಾಯಿ ತೆರೆದಳು.

ನಾನು ಎದ್ದು ಅವನ ಮಣಿಕಟ್ಟು ಹಿಡಿದೆ. “ಯಾತರ ಸಕ್ಕರಿ ಇದು?”

“ಯಾದಗಿರಿ ಶರೀಫಾಬೀ ಮಗಗ ಈಕಿನ್ನ ಕೊಡಬೇಕಂತ ಅಬ್ಬಾನ ಮನಸಿನಾಗಿತ್ತು ಆಪಾ. ಅವರೂ ಬಂದಾರ. ಮಂದಿ ಮುಂದ ಅಬ್ಬಾನ ಮಾತ ಕಳಿಬ್ಯಾಡ.”

“ಈಕಿಗಿ ಕೇಳಿಯೇನು? ಈಕಿ ಏನ್ ನಿನ್ನ ಕೊಟ್ಟಿಗ್ಯಾಗಿನ ಎತ್ತೇನು?” ಎಂದೆ. “ಇದೂ ಅಬ್ಬಾನ ಮಾತೇ ಐತಿ. ಬೇಕಾರ ಪರಿಮಳಾಗ ಕೇಳು.”

ಪರಿಮಳಾ ನನ್ನನ್ನೇ ನೋಡಿದಳು. ನನ್ನನ್ನು ಯಾರೂ ಕೇಳಿರಲಿಲ್ಲವೆಂದು ಅವಳಿಗೆ ಈಗ ತಿಳಿಯಿತು ಎನಿಸಿತು. ಮೂಲೆಯಲ್ಲಿ ಕೂತಿದ್ದ ಅಮ್ಮಾ ಮೊಣಕಾಲು ಹಿಡಿದುಕೊಂಡು ಎದ್ದು ಬಂದಳು. ಮುಜಫರನ ಕೈಯ ಕೆಳಗೆ ತನ್ನ ಅಂಗೈ ಒಡ್ಡಿದಳು.

“ಇಲ್ಲಿ ಹಾಕು. ಮಂದಿಗಿ ಚಾ ಮಾಡಬೇಕು.”

ಅವನು ಹಾಕಿದ.

ನಾನು ಅವಳ ಹಿಂದೆಯೇ ಅಡುಗೆಮನೆಗೆ ಹೋದೆ. ಅಮ್ಮಾ ಆ ಸಕ್ಕರೆಯನ್ನು ಕುದಿಯುವ ನೀರಿಗೆ ಸುರಿದಳು. ಇಷ್ಟೇ ಇಷ್ಟು ಕೆಲಸ.

“ಇದನ್ನ ಅವತ್ತ ಯಾಕ ಮಾಡಲಿಲ್ಲ ಅಮ್ಮಾ?”

ಅವಳು ಚಹಾದ ಮೇಲಿಂದ ಕಣ್ಣು ತೆಗೆಯಲಿಲ್ಲ.

“ನಿನಗಿಂತ ಮೊದಲ ನನ್ನ ಬಾಯಾಗ ಹಾಕಿದ್ರು,” ಎಂದಳು. “ನೀ ಪಾಸಾಗಿದ್ದಕ್ಕ ಅಂತ ನಾನೂ ತಿಂದಿದ್ದೆ.”