ಹಿಂದೆ ಯಾರನ್ನೂ ಕೂರಿಸದ ಡಾಕ್ಟರರು

ದಕ್ಷಿಣ ಕನ್ನಡದ ಪಶುವೈದ್ಯ ಸೇವೆಯ ಕಳೆದ ಮೂರು ದಶಕಗಳನ್ನು ಯಾರಾದರೂ ಪ್ರಾಮಾಣಿಕವಾಗಿ ನೆನೆದರೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ದನದ ಹಟ್ಟಿಗಳಲ್ಲಿ ಮೊದಲು ಕೇಳಿಬರುವ ಹೆಸರು ಡಾ. ಕಮಲಾಕ್ಷ ಅಡ್ಯಂತಾಯರದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಮಿಶ್ರತಳಿಯ ದನವೆಂದರೆ ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಅವರು ಅಂಗಳ ಅಂಗಳದಲ್ಲಿ ನಿಂತು, ಬೇಸರಿಸದೆ, ಗದರಿಸದೆ, ಒಂದೊಂದು ಮನೆಯನ್ನೂ ಒಪ್ಪಿಸಿದವರು. ಸೇವೆಯಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರಿಗೆ ಇಂಥದೊಂದು ಸಂಪುಟ ಸಲ್ಲುತ್ತಿರುವುದು ಯೋಗ್ಯವೇ ಆಗಿದೆ. ಕಾಲುಬಾಯಿ ಜ್ವರದ ಶಿಬಿರಗಳ ಬಗ್ಗೆ, ತಳಿ ಸುಧಾರಣೆಯ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಈ ಪುಟಗಳಲ್ಲಿ ಬರೆದಿರುತ್ತಾರೆ. ನಾನು ಬರೆಯಹೊರಟಿರುವುದು ಮೋಟಾರು ಸೈಕಲಿನ ಆಯಿಲ್ ಸೀಲಿನ ವಿಷಯ. ಸಂಪಾದಕರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಅದನ್ನು ಬಿಟ್ಟು ಅಡ್ಯಂತಾಯರ ಬಗ್ಗೆ ಬರೆದರೆ ಅದು ಸನ್ಮಾನ ಪತ್ರವಾದೀತೇ ಹೊರತು ಅಡ್ಯಂತಾಯರಾಗುವುದಿಲ್ಲ.

ಎಪ್ಪತ್ತೊಂದರಲ್ಲಿ ನಾನು ಕಿರಿಯ ವೈದ್ಯನಾಗಿ ಮೂಡುಬಿದಿರೆಗೆ ಬಂದಾಗ ಅವರು ಅಲ್ಲಿ ಹಿರಿಯರಾಗಿದ್ದರು. ಕಾಲೇಜಿನಿಂದ ನೇರ ಬಂದ ನನಗೆ ಎಮ್ಮೆ ಒದೆಯುತ್ತದೆ ಎಂಬುದು ಗೊತ್ತಿತ್ತು, ಯಾವಾಗ ಒದೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಮೊದಲ ವಾರವೇ ಒಂದು ಮನೆಯಲ್ಲಿ ಕರು ಹಾಕಿದ ಎಮ್ಮೆಯ ಗರ್ಭಕೋಶ ಹೊರಬಂದು, ಸುತ್ತ ನೆರೆದ ಜನರ ನಡುವೆ ನಾನು ಬೆವರುತ್ತಿದ್ದೆ. ಅಡ್ಯಂತಾಯರು ಎಲ್ಲರಿಗೂ ಕೇಳುವ ಹಾಗೆ, "ಭಟ್ರು ಮಾಡ್ತಾರೆ, ನಾನು ಹಗ್ಗ ಹಿಡೀತೇನೆ" ಎಂದು ಹಗ್ಗ ಹಿಡಿದು ನಿಂತರು. ಆಮೇಲೆ ತುಟಿ ಅಲ್ಲಾಡಿಸದೆ ಒಂದೊಂದೇ ಹೆಜ್ಜೆ ಹೇಳಿಕೊಡುತ್ತ ಕೆಲಸವನ್ನು ನನ್ನ ಕೈಯಿಂದಲೇ ಮಾಡಿಸಿದರು. ಮನೆಯವರು ಎಳನೀರನ್ನು ಮೊದಲು ಕೊಟ್ಟದ್ದು ನನಗೆ. ಹಗ್ಗ ಹಿಡಿದವರು ಹಟ್ಟಿಯ ಬಾಗಿಲಲ್ಲಿ ನಗುತ್ತ ನಿಂತಿದ್ದರು.

ಅವರ ಹತ್ತಿರ ಒಂದು ಜಾವಾ ಮೋಟಾರು ಸೈಕಲು ಇತ್ತು. ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳೊಳಗೆ ಎಣ್ಣೆಯಿರುತ್ತದೆ, ಕುಳಿಗಳ ಏಟನ್ನು ತಡೆದುಕೊಳ್ಳುವುದು ಅದೇ. ಆ ಎಣ್ಣೆ ಹೊರಗೆ ಬಾರದಂತೆ ಕಾಯುವ ರಬ್ಬರಿನ ಬಳೆಗೆ ಆಯಿಲ್ ಸೀಲ್ ಎನ್ನುತ್ತಾರೆ. ನಮ್ಮ ರಸ್ತೆಗಳ ಕೆಂಪು ಧೂಳೂ ಮಳೆಗಾಲದ ಕೆಸರೂ ಸೇರಿ ಅದನ್ನು ವರ್ಷದೊಳಗೆ ತಿಂದುಹಾಕುತ್ತಿದ್ದವು. ಮಳೆ ನಿಂತ ಮೇಲೆ ಒಂದು ಆದಿತ್ಯವಾರ ಅಡ್ಯಂತಾಯರು ಹಳೆಯ ಪಂಚೆ ಉಟ್ಟು, ಕ್ವಾರ್ಟರ್ಸಿನ ಜಗಲಿಯಲ್ಲಿ ಗೋಣಿ ಹಾಸಿ ಕುಳಿತುಕೊಳ್ಳುತ್ತಿದ್ದರು. ಚಕ್ರ ಬಿಚ್ಚಿ, ಕೊಳವೆಗಳನ್ನು ಎಳೆದು ತೆಗೆದು, ಹಳೆಯ ಎಣ್ಣೆ ಬಸಿದು, ಸವೆದ ಸೀಲನ್ನು ಕೊಳವೆಗೆ ಗೀರು ಬೀಳದಂತೆ ಎಬ್ಬಿಸಿ, ಹೊಸದಕ್ಕೆ ಎಣ್ಣೆ ಸವರಿ, ಸುತ್ತಲೂ ಒಂದೇ ಸಮನೆ ತಟ್ಟುತ್ತ ಒಳಗೆ ಕೂರಿಸುವುದು ಅವರ ಕ್ರಮ. ಎರಡೂ ಕೊಳವೆಗಳಿಗೆ ಎಣ್ಣೆ ಸರಿಸಮ ಬೀಳಬೇಕೆಂದು ದನಗಳಿಗೆ ಚುಚ್ಚುವ ದೊಡ್ಡ ಸಿರಿಂಜಿನಲ್ಲಿ ಅಳೆದು ಹಾಕುತ್ತಿದ್ದರು. ಅವರ ಪತ್ನಿ ಸರಸಕ್ಕ ಜಗಲಿಯ ಎಣ್ಣೆಕಲೆ ನೋಡಿ, "ಈ ಬೈಕಿಗೆ ಮಾಡುವ ಬಾಣಂತನ ನನಗೆ ಎರಡು ಹೆರಿಗೆಯಲ್ಲೂ ಆಗಲಿಲ್ಲ" ಎನ್ನುತ್ತಿದ್ದರು.

ನಾನು ಗ್ರೀಸು ಕಂಡರೆ ದೂರ ಸರಿಯುವವನು. ನನ್ನ ಸ್ಕೂಟರು ಏನೇ ಸದ್ದು ಮಾಡಿದರೂ ಗ್ಯಾರೇಜಿಗೆ. ಅಡ್ಯಂತಾಯರು ಎಪ್ಪತ್ತಾರರಲ್ಲಿ ಬಂಟ್ವಾಳಕ್ಕೆ ವರ್ಗವಾದ ಮೇಲೆ ಮೆಲ್ಕಾರಿನ ಮೂಸಾ ಅವರ ಗ್ಯಾರೇಜು ಅವರ ದಾರಿಯಲ್ಲೇ ಇತ್ತು. ಮೂಸಾ ಒಳ್ಳೆಯ ಕೆಲಸಗಾರರು, ಬಾಯಿಯೂ ಸ್ವಲ್ಪ ಜಾಸ್ತಿ. "ನಾನು ನಿಮ್ಮ ದನಕ್ಕೆ ಸೂಜಿ ಹಾಕ್ಲಿಕ್ಕೆ ಬರ್ತೇನಾ ಡಾಕ್ಟ್ರೇ? ಮತ್ತೆ ನೀವು ಯಾಕೆ ನನ್ನ ಕೆಲಸಕ್ಕೆ ಕೈ ಹಾಕುವುದು?" ಎಂದು ಅವರು ಕೆಣಕುವುದು, "ನಿಮ್ಮ ಕೆಲಸ ಸರಿಯಿಲ್ಲ ಅಂತ ಅಲ್ಲ ಮಾರಾಯ್ರೆ, ನನಗೆ ಅದರಲ್ಲಿ ಒಂದು ಸಮಾಧಾನ ಉಂಟು" ಎಂದು ಡಾಕ್ಟರರು ಹೇಳುವುದು, ಇಬ್ಬರೂ ಚಹಾ ಕುಡಿಯುವುದು, ಇದು ವರ್ಷ ವರ್ಷ ನಡೆಯುತ್ತಿತ್ತು. ತನ್ನ ಬೈಕು ಗ್ಯಾರೇಜಿನ ಹೊಸ್ತಿಲು ಕಂಡಿಲ್ಲ ಎಂಬ ಒಂದು ಸಣ್ಣ ಜಂಬ ಅಡ್ಯಂತಾಯರಿಗಿತ್ತು. ಬೇರೆ ಯಾವ ಜಂಬವೂ ಇಲ್ಲದವರಿಗೆ ಅದೊಂದು ಇರಲಿ ಎಂದು ನಾವೂ ಸುಮ್ಮನಿದ್ದೆವು.

ಬಂಟ್ವಾಳದ ಆಸ್ಪತ್ರೆಯಲ್ಲಿ ಪೊಳಲಿಯ ರುಕ್ಮಯ್ಯನವರು ಕಂಪೌಂಡರಾಗಿದ್ದರು. ಔಷಧ ಕಲಸುವುದು ಅವರ ಉದ್ಯೋಗ, ಊರೂರು ತಿರುಗುವುದು ಅವರ ಪ್ರಾಣ. ಬೆಳಿಗ್ಗೆ ಡಾಕ್ಟರರು ಜಾವಾ ಹೊರಡಿಸಿದರೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತುಬಿಡುತ್ತಿದ್ದರು. ಯಾವ ಮನೆಯ ಯಾವ ದನ ಎಷ್ಟನೆಯ ಕರು ಹಾಕಿದೆ, ಯಾವ ಮನೆಯಲ್ಲಿ ಅತ್ತೆಯ ಹತ್ತಿರ ಮಾತಾಡಬೇಕು, ಯಾವ ಮನೆಯಲ್ಲಿ ಸೊಸೆಯ ಹತ್ತಿರ, ಇದೆಲ್ಲ ಅವರಿಗೆ ಬಾಯಿಪಾಠ. ಹಾಯುವ ಹೋರಿಯ ಕಿವಿಯಲ್ಲಿ ತುಳುವಿನಲ್ಲಿ ಅದೇನು ಹೇಳುತ್ತಿದ್ದರೋ, ಅದು ಸುಮ್ಮನಾಗುತ್ತಿತ್ತು. ಅಡ್ಯಂತಾಯರ ಕೀರ್ತಿಯಲ್ಲಿ ಅರ್ಧ ಆ ಹಿಂದಿನ ಸೀಟಿನದು ಎಂದು ಬರೆದರೆ ಅಡ್ಯಂತಾಯರೇ ಮೊದಲು ಹೌದೆನ್ನುತ್ತಾರೆ.

ಎಪ್ಪತ್ತೊಂಬತ್ತರ ಮಳೆ ನಿಂತ ಸಮಯ. ಸೀಲು ಸೋರುತ್ತಿತ್ತು. ಹೊಸ ಸೀಲು ತಂದು ಕಿಟಕಿಯಲ್ಲಿಟ್ಟೂ ಆಗಿತ್ತು. ಚುಚ್ಚುಮದ್ದಿನ ಶಿಬಿರಗಳು ಆದಿತ್ಯವಾರಗಳನ್ನೂ ನುಂಗಿದ್ದರಿಂದ ಕೈ ಹಚ್ಚಲು ಆಗಿರಲಿಲ್ಲ. ಸೋರಿದ ಎಣ್ಣೆ ಇಳಿದು ಮುಂದಿನ ಬ್ರೇಕಿನೊಳಗೆ ಸೇರಿದರೆ ಬ್ರೇಕು ಹಿಡಿಯುವುದಿಲ್ಲ ಎಂಬುದನ್ನು ಮೂಡುಬಿದಿರೆಯಲ್ಲಿ ನನಗೆ ವಿವರಿಸಿದ್ದವರು ಇದೇ ಅಡ್ಯಂತಾಯರು. ಆ ದಿನ ಬೆಳಿಗ್ಗೆ ಸಜಿಪದ ಕಡೆಯಿಂದ ಒಬ್ಬರು ಓಡಿಬಂದರು. ಚೊಚ್ಚಲ ದನ, ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದು ನಿಂತಿದೆ. ಡಾಕ್ಟರರೂ ರುಕ್ಮಯ್ಯನವರೂ ಹೊರಟರು. ಮೆಲ್ಕಾರಿನಲ್ಲಿ ಪೆಟ್ರೋಲಿಗೆ ನಿಂತಾಗ ಮೂಸಾ ಬಂದು ಚಕ್ರ ನೋಡಿದರು.

"ಎಣ್ಣೆ ಬ್ರೇಕಿಗೆ ಇಳಿದಿದೆ ಡಾಕ್ಟ್ರೇ. ಇದನ್ನು ಇಲ್ಲಿ ಬಿಟ್ಟು ನನ್ನ ಬೈಕು ಕೊಂಡುಹೋಗಿ. ಸಂಜೆಗೆ ಸೀಲು ಹಾಕಿ ಇಡ್ತೇನೆ."

"ಆದಿತ್ಯವಾರ ನಾನೇ ಹಾಕ್ತೇನೆ ಮೂಸಾ. ನಿಧಾನ ಹೋಗ್ತೇನೆ."

ನಿಧಾನವಾಗಿ ಹೋಗುವ ಸಮಾಚಾರ ಅದಾಗಿರಲಿಲ್ಲ. ಇಳಿಜಾರಿನ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಮುಂದಿನ ಬ್ರೇಕು ಹಿಡಿಯಲಿಲ್ಲ, ಹಿಂದಿನದು ಹಿಡಿದು ಜಲ್ಲಿಯಲ್ಲಿ ಜಾರಿತು. ಡಾಕ್ಟರರಿಗೆ ಮೊಣಕೈ ತರಚಿತು. ರುಕ್ಮಯ್ಯನವರ ಬಲಗಾಲು ಬೈಕಿನಡಿ ಸಿಕ್ಕಿ ಮುರಿಯಿತು. ಬದಿಯ ಅಂಗಡಿಯವರು ಎತ್ತಿ ಬೆಂಚಿನ ಮೇಲೆ ಮಲಗಿಸಿದರು. ಡಾಕ್ಟರರು ಪಕ್ಕದಲ್ಲಿ ಮಂಡಿಯೂರಿ ಕುಳಿತದ್ದು ನೋಡಿ ರುಕ್ಮಯ್ಯನವರು ಹೇಳಿದರಂತೆ: "ನೀವು ಹೋಗಿ ಡಾಕ್ಟ್ರೇ. ನನಗೆ ಇಲ್ಲಿ ಜನ ಉಂಟು. ಅದಕ್ಕೆ ಯಾರೂ ಇಲ್ಲ."

ಅವರು ಹೋದರು. ಚೀಲ ಹೆಗಲಿಗೆ ಹಾಕಿ ನಡೆದೇ ಹೋದರು. ಒಳಗೆ ಮಡಚಿಕೊಂಡಿದ್ದ ಕಾಲನ್ನು ತಿರುಗಿಸಿ ಕರುವನ್ನು ಜೀವಂತ ಹೊರತೆಗೆದು ಮಧ್ಯಾಹ್ನ ಹಿಂತಿರುಗಿದಾಗ ಬೆಂಚು ಖಾಲಿಯಿತ್ತು. ಊರವರು ರುಕ್ಮಯ್ಯನವರನ್ನು ಎಲುಬು ಕಟ್ಟುವವರೊಬ್ಬರ ಮನೆಗೆ ಒಯ್ದಿದ್ದರು. ಬಿದಿರಿನ ಪಟ್ಟಿ ಕಟ್ಟಿ ಆಗಿತ್ತು, ಬಿಚ್ಚಬಾರದೆಂದು ಹೇಳಿಯೂ ಆಗಿತ್ತು. ಮಂಗಳೂರಿನ ಆಸ್ಪತ್ರೆಗೆ ಹೋಗುವ ಎಂದು ಡಾಕ್ಟರರು ಅಂಗಲಾಚಿದರೆ, ರುಕ್ಮಯ್ಯನವರ ಪತ್ನಿ ನೀಲಾವತಿಯವರು ಕಟ್ಟಿದ್ದನ್ನು ಬಿಚ್ಚಲು ಒಪ್ಪಲಿಲ್ಲ. ರುಕ್ಮಯ್ಯನವರು ಕೇಳಿದ್ದು ಒಂದೇ, ಕರು ಹೆಣ್ಣೋ ಗಂಡೋ ಎಂದು. ಕಾಲು ಸೊಟ್ಟಗೆ ಕೂಡಿಕೊಂಡಿತು. ಮಂಡಿ ಮಡಚುವುದು ಆಮೇಲೆ ಆಗಲಿಲ್ಲ.

ಇದನ್ನೆಲ್ಲ ನಾನು ಕೇಳಿದ್ದು ಮೂಸಾ ಮತ್ತು ರುಕ್ಮಯ್ಯನವರ ಬಾಯಿಂದ. ಅಡ್ಯಂತಾಯರು ಇದುವರೆಗೆ ಒಂದಕ್ಷರ ಆಡಿದವರಲ್ಲ. ಮಾಡಿದ್ದು ಮಾತ್ರ ಊರಿಗೆಲ್ಲ ಕಂಡಿತು. ಜಾವಾದ ಹಿಂದಿನ ಫುಟ್‌ರೆಸ್ಟುಗಳನ್ನು ಬಿಚ್ಚಿಸಿ, ಸೀಟಿನ ಹಿಂಭಾಗಕ್ಕೆ ಒಂದು ಔಷಧದ ಪೆಟ್ಟಿಗೆಯನ್ನು ಬೋಲ್ಟು ಹಾಕಿ ಕೂರಿಸಿದರು. ಅಂದಿನಿಂದ ಆ ಬೈಕಿನಲ್ಲಿ ಎರಡನೆಯವರು ಕೂರಲಿಲ್ಲ. ಸರಸಕ್ಕ ಪೊಳಲಿ ದೇವಸ್ಥಾನಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದರು, ಡಾಕ್ಟರರು ಅದೇ ಬಸ್ಸಿನ ಹಿಂದೆ ಧೂಳು ಕುಡಿಯುತ್ತ ಜಾವಾದಲ್ಲಿ. ಬಸ್ಸು ನಿಂತಲ್ಲಿ ನಿಂತು, ಹೊರಟಲ್ಲಿ ಹೊರಟು, ದೇವಸ್ಥಾನದ ಎದುರು ಇಬ್ಬರೂ ಒಟ್ಟಿಗೆ ಇಳಿಯುತ್ತಿದ್ದರು. ಡಾಕ್ಟರರಿಗೆ ಹೆಂಡತಿಯನ್ನು ಕೂರಿಸಿಕೊಳ್ಳಲು ನಾಚಿಕೆಯೆಂದು ಕೆಲವರು, ದೊಡ್ಡಸ್ತಿಕೆಯೆಂದು ಕೆಲವರು ಆಡಿಕೊಂಡರು. ಸರಸಕ್ಕ ನಗುತ್ತಿದ್ದರು. ಆ ನಗು ನನಗೆ ಸರಿಬರುತ್ತಿರಲಿಲ್ಲ.

ಸೀಲಿನ ಕೆಲಸವೂ ಗ್ಯಾರೇಜಿಗೆ ಹೋಯಿತು. ಪ್ರತಿವರ್ಷ ಮಳೆ ಮುಗಿಯುವ ಮೊದಲೇ ಅಡ್ಯಂತಾಯರು ಬೈಕನ್ನು ಮೂಸಾರಿಗೆ ಒಪ್ಪಿಸಿ, ಕೆಲಸ ಮುಗಿಯುವ ತನಕ ಬೆಂಚಿನಲ್ಲಿ ಕೂತಿರುತ್ತಿದ್ದರು. ಹಿಂದೆ ಕೆಣಕುತ್ತಿದ್ದ ಮೂಸಾ ಈಗ ಸ್ಪ್ಯಾನರು ಮುಂದೆ ಹಿಡಿದು, "ಒಂದು ಬದಿ ನೀವು ಹಾಕಿ ಡಾಕ್ಟ್ರೇ, ಇನ್ನೊಂದು ನಾನು ಹಾಕ್ತೇನೆ" ಎಂದು ಕರೆಯುತ್ತಿದ್ದರು. ಡಾಕ್ಟರರು ಬೇಡವೆಂದು ತಲೆಯಲ್ಲಾಡಿಸುತ್ತಿದ್ದರು. "ಗಿರಾಕಿ ಸಿಕ್ಕಿದ ಅಂತ ಖುಷಿ ಆಗ್ಬೇಕಿತ್ತು. ನನಗೆ ಆಗುವುದಿಲ್ಲ ಭಟ್ರೇ" ಎಂದು ಮೂಸಾ ನನ್ನಲ್ಲಿ ಹೇಳಿದ್ದುಂಟು.

ರುಕ್ಮಯ್ಯನವರ ಕೆಲಸ ಉಳಿಸಲು ಅಡ್ಯಂತಾಯರು ಮಂಗಳೂರಿನ ಮೇಲಧಿಕಾರಿಗಳ ಬಾಗಿಲಿಗೆ ಅದೆಷ್ಟು ಸಲ ಹೋದರೋ. ಉಳಿಸಿಕೊಟ್ಟರು. ಹೊರಗಿನ ಕೆಲಸವನ್ನೆಲ್ಲ ತಾವೊಬ್ಬರೇ ಹೊತ್ತುಕೊಂಡು, ರುಕ್ಮಯ್ಯನವರಿಗೆ ಆಸ್ಪತ್ರೆಯೊಳಗೆ ಒಂದು ಕುರ್ಚಿ, ಕಾಲು ಚಾಚಲು ಒಂದು ಸ್ಟೂಲು ಹಾಕಿಸಿದರು. ಯಾರು ನೋಡಿದರೂ ಮೆಚ್ಚಬೇಕಾದ ಉಪಕಾರ. ಎಂಬತ್ತಮೂರರಲ್ಲಿ ಅಡ್ಯಂತಾಯರು ಬೆಳ್ತಂಗಡಿಗೆ ಹೋಗಿ ಅವರ ಜಾಗಕ್ಕೆ ನಾನು ಬಂದಾಗ ನೋಡಿದ್ದು, ಆ ಕುರ್ಚಿಯಲ್ಲಿ ಕೂತು ಬಾಟಲಿಗಳಿಗೆ ಬೂಚು ಹಾಕುತ್ತಿದ್ದ, ಮಾತೇ ಕಡಿಮೆಯಾಗಿದ್ದ ಒಬ್ಬ ರುಕ್ಮಯ್ಯನವರನ್ನು. ಒಂದು ದಿನ ನಾನು, "ಬನ್ನಿ, ನನ್ನ ಸ್ಕೂಟರಿನಲ್ಲಿ ಹೋಗುವ" ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ, ಚೀಲ ತೆಗೆದುಕೊಂಡು, ಬಲಗಾಲನ್ನು ಹೊರಗೆ ಚಾಚಿ ಕುಳಿತರು. ಹೋದ ಮನೆಯಲ್ಲಿ ಹಟ್ಟಿಯ ಕಂಬಕ್ಕೆ ಒರಗಿ ನಿಂತು ದನವನ್ನು ಹೆಸರು ಹಿಡಿದು ಕರೆದರು. ಮುದುಕಿಯೊಬ್ಬರು ಒಳಗಿಂದ ಬಂದು, "ಇಷ್ಟು ಸಮಯ ಎಲ್ಲಿಗೆ ಹೋಗಿದ್ರಿ ರುಕ್ಮಯ್ಯ?" ಎಂದು ಕೇಳಿದರು. ಅವರ ಕಣ್ಣು ತುಂಬಿತು.

ಹಿಂತಿರುಗುವಾಗ ಹಿಂದಿನಿಂದ ಹೇಳಿದರು: "ಕಾಲು ಹೋದದ್ದಕ್ಕೆ ನನಗೆ ಬೇಜಾರಿಲ್ಲ ಭಟ್ರೇ. ಅವರು ಮತ್ತೆ ನನ್ನನ್ನು ಕೂರಿಸಲಿಲ್ಲ. ಒಂದು ಸಲ ಪಾಣೆಮಂಗಳೂರಿನ ಹೊಳೆಯ ಸಂಕದವರೆಗಾದರೂ ಹೋಗಿ ಬರುವ ಅಂತ ನಾನೇ ಕೇಳಿದ್ದೇನೆ."

ಇದನ್ನು ನಾನು ಆ ವಾರವೇ ಬೆಳ್ತಂಗಡಿಗೆ ಹೋಗಿ ಅಡ್ಯಂತಾಯರಿಗೆ ಹೇಳಿದೆ. ರುಕ್ಮಯ್ಯನವರು ನನ್ನ ಸ್ಕೂಟರಿನಲ್ಲಿ ಬರುತ್ತಾರೆ, ಏನೂ ಆಗಿಲ್ಲ ಎಂದೂ ಹೇಳಿದೆ. ಅವರು "ನಿಮ್ಮ ಕೈಯಲ್ಲಿ ಅವರು ಬಿದ್ದಿಲ್ಲವಲ್ಲ ಭಟ್ರೇ" ಎಂದರು. ನಾನು ಮತ್ತೆಯೂ ವಾದಿಸಿದೆ. ಸೀಲು ಬದಲಾಯಿಸದೆ ಹೊರಟದ್ದು ತಪ್ಪು, ಮೂಸಾರ ಬೈಕು ಬೇಡವೆಂದದ್ದು ತಪ್ಪು, ರುಕ್ಮಯ್ಯನವರನ್ನು ಬೆಂಚಿನಲ್ಲಿ ಬಿಟ್ಟು ದನದ ಕಡೆಗೆ ಹೋದದ್ದು ತಪ್ಪಲ್ಲ, ಅವರೇ ಕಳುಹಿಸಿದ್ದು ಎಂದೆ. ಈ ಮೂರನ್ನೂ ಒಂದೇ ಗಂಟು ಕಟ್ಟಿ ಹೊತ್ತುಕೊಂಡು ತಿರುಗುವುದು ನ್ಯಾಯವಲ್ಲ ಎಂದೆ. ಸಾವಿರ ಮನೆಗಳನ್ನು ಒಪ್ಪಿಸಿದವರನ್ನು ಒಪ್ಪಿಸುವುದು ನನ್ನಿಂದ ಆಗಲಿಲ್ಲ. ನನಗೆ ಇಂದಿಗೂ ವಿಷಾದವಿರುವುದು ಆ ಬಿದ್ದ ದಿನದ ಬಗ್ಗೆ ಅಲ್ಲ, ಆಮೇಲಿನ ವರ್ಷಗಳ ಬಗ್ಗೆ. ಸೀಲಿನಿಂದ ರುಕ್ಮಯ್ಯನವರ ಕಾಲು ಹೋಯಿತು, ಡಾಕ್ಟರರ ಮರುಕದಿಂದ ಅವರ ತಿರುಗಾಟವೂ ಹೋಯಿತು. ಸನ್ಮಾನದ ಪುಸ್ತಕದಲ್ಲಿ ಹೀಗೆ ಬರೆಯಬಾರದೆಂದು ಬಲ್ಲೆ. ಇವರನ್ನು ಅಣ್ಣನ ಹಾಗೆ ಕಂಡವನಾದ್ದರಿಂದ ಬರೆಯುತ್ತಿದ್ದೇನೆ.

ಈಗ ಅಡ್ಯಂತಾಯರು ನಿವೃತ್ತರಾಗುತ್ತಿದ್ದಾರೆ. ಜಾವಾವನ್ನು ಕಳೆದ ತಿಂಗಳು ಮೂಡುಬಿದಿರೆಯ ಒಬ್ಬರಿಗೆ ಕೊಟ್ಟರಂತೆ. ನಮ್ಮ ತಾಲೂಕುಗಳ ಹಾಲಿನ ಕ್ಯಾನುಗಳಲ್ಲಿ, ಅವರ ಕೈಯಲ್ಲಿ ಕಲಿತ ನನ್ನಂಥವರ ಬದುಕಿನಲ್ಲಿ ಅವರ ದುಡಿಮೆ ಉಳಿದಿದೆ. ಅವರ ಅನುಭವ ಮುಂದೆಯೂ ಹಟ್ಟಿಗಳಿಗೆ ಸಿಗಲಿ, ಸರಸಕ್ಕನೊಂದಿಗೆ ದೀರ್ಘಕಾಲ ನೆಮ್ಮದಿಯಿಂದ ಬಾಳಲಿ ಎಂದು ಮನಸಾರೆ ಹಾರೈಸುತ್ತೇನೆ.

ಈ ಸಂಪುಟಕ್ಕೆ ನಾಲ್ಕು ಮಾತು ಕೇಳಲು ನಾನು ಪೊಳಲಿಗೆ ಹೋಗಿದ್ದೆ. ರುಕ್ಮಯ್ಯನವರು ಎರಡು ವರ್ಷದ ಹಿಂದೆ ನಿವೃತ್ತರಾದವರು, ಈ ಮಳೆಗಾಲದಿಂದ ಹಾಸಿಗೆ ಹಿಡಿದಿದ್ದಾರೆ. ತುಳುವಿನಲ್ಲಿ ಮೆಲ್ಲಗೆ ಹೇಳಿದರು, ಕನ್ನಡಕ್ಕೆ ತರುವಾಗ ಅದರ ಮೆದುತನ ಸ್ವಲ್ಪ ಹೋದೀತು: "ಬರೆಸ್ಲಿಕ್ಕೆ ಏನಿಲ್ಲ ಭಟ್ರೇ. ಒಂದು ಕೇಳಿ ಅವರಲ್ಲಿ. ಬಿದ್ದದ್ದು ನಾವಿಬ್ಬರೂ ಅಲ್ವಾ? ಮತ್ತೆ ನನ್ನನ್ನು ಮಾತ್ರ ಯಾಕೆ ಇಳಿಸಿದ್ದು?"

ಇಗೋ, ಇಲ್ಲಿ ಕೇಳಿದ್ದೇನೆ, ಅಡ್ಯಂತಾಯರೇ. ನಿಮಗೆ ನೂರು ವರ್ಷದ ಆಯುಷ್ಯ ಹಾರೈಸುವಾಗ, ಅವರಿಗೂ ಅಷ್ಟು ಸಮಯ ಉಂಟು ಎಂದು ಬರೆಯಲು ನನ್ನಿಂದ ಆಗುವುದಿಲ್ಲ. ಪೊಳಲಿಗೆ ಬೆಳಿಗ್ಗೆಯೇ ಬಸ್ಸಿದೆ.