ಕಡೇ ಮೂಟೆಯ ವರ್ಷ

ನಮ್ಮ ಹಟ್ಟಿಯ ಎಲೆ ಶೆಡ್ಡಿನಲ್ಲಿ ಯಾರು ಮೊದಲು ಬಂದರೋ ಅವರ ಮೂಟೆ ಮೊದಲು ತೂಗುವ ಪದ್ಧತಿ ಇಲ್ಲ. ಊಟಿಯಲ್ಲಿ ವರ್ಷಕ್ಕೊಮ್ಮೆ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. ಅದರಲ್ಲಿ ಯಾರು ಗೆಲ್ಲುತ್ತಾರೆಂದು ಯಾರು ಸರಿಯಾಗಿ ಬರೆದುಕೊಟ್ಟಿರುತ್ತಾರೋ ಅವರ ಮೂಟೆ ವರ್ಷವಿಡೀ ಮೊದಲು ತಕ್ಕಡಿಗೆ ಏರುತ್ತದೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಮಧ್ಯಾಹ್ನದ ಬಿಸಿಲಲ್ಲಿ ಮೂಟೆಯೊಳಗೆ ಟೀ ಎಲೆ ಬೆಂದು ಕೆಂಪಾಗುವುದನ್ನು ನೋಡುತ್ತಾ ಹತ್ತು ಮನೆಯವರ ಹಿಂದೆ ನಿಂತವರಿಗೆ ನಗು ಬರುವುದಿಲ್ಲ. ಲಾರಿ ತುಂಬಿಬಿಟ್ಟರೆ ಕಡೇ ಮೂಟೆ ನಾಳೆಗೆ ಉಳಿಯುತ್ತದೆ. ನಾಳೆಗೆ ಉಳಿದ ಎಲೆಯನ್ನು ಫ್ಯಾಕ್ಟರಿಯವರು ಮೂಸಿಯೂ ನೋಡುವುದಿಲ್ಲ.

ಇದು ಶುರುವಾದದ್ದು ನಮ್ಮ ಹಟ್ಟಿಯ ಹುಡುಗಿಯೊಬ್ಬಳು ಕಾಲೇಜು ತಂಡಕ್ಕೆ ಆಡುತ್ತಿದ್ದಾಗ. ಎಲ್ಲರೂ ವ್ಯಾನು ಮಾಡಿಕೊಂಡು ಹೋಗಿ ನೋಡಿ ಬರುತ್ತಿದ್ದೆವು. ಅವಳು ಮದುವೆಯಾಗಿ ಹೋದಳು, ಆಟದ ಹುಚ್ಚು ನಮ್ಮಲ್ಲೇ ಉಳಿಯಿತು. ಎಂಟು ತಂಡ, ಏಳು ಪಂದ್ಯ. ನಾಲ್ಕು ತಂಡ ನಮ್ಮ ಬೆಟ್ಟದವು, ನಾಲ್ಕು ಕೊಯಮತ್ತೂರಿನ ಕಡೆಯವು. ಸಣ್ಣ ಹಳ್ಳಗಳು ಎರಡೆರಡಾಗಿ ಸೇರಿ ಕೊನೆಗೆ ಒಂದೇ ಹೊಳೆಯಾಗುವ ಹಾಗೆ ಗೆರೆ ಎಳೆದು, ಗೆಲ್ಲುವವರ ಹೆಸರು ತುಂಬಿ, ಎಲೆ ತೂಗುವ ಅಣ್ಣನ ಕೈಗೆ ಕೊಡಬೇಕು. ಆತ ಅದನ್ನು ತಗಡಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಾನೆ. ಒಂದೇ ರೀತಿಯ ಎರಡು ಹಾಳೆ ಬಂದರೆ ಮೊದಲು ಬಂದದ್ದಕ್ಕೇ ಬೆಲೆ. ಪಂದ್ಯಕ್ಕೆ ಒಂದು ಅಂಕ, ಫೈನಲ್ಲಿಗೆ ಐದು; ಅಂಕದ ಪ್ರಕಾರವೇ ವರ್ಷದ ಸಾಲು. ಗೆದ್ದವರು ಹೊಸದೊಂದು ನಿಯಮ ಹಾಕಬಹುದು, ಹಳೆಯದನ್ನು ತೆಗೆಯಲೂಬಹುದು. ಯಾರೂ ಎದುರು ಮಾತಾಡುವಂತಿಲ್ಲ.

ನನ್ನ ಹಾಳೆಯ ಹಿಂದೆ ಒಂದು ಗುಟ್ಟಿತ್ತು. ನಾನು ಆಟಗಾರರನ್ನು ನೋಡಿ ಬರೆಯುತ್ತಿರಲಿಲ್ಲ, ಮಂಜನ್ನು ನೋಡಿ ಬರೆಯುತ್ತಿದ್ದೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನದ ಚೌಕದೊಳಗೆ ಎಲ್ಲವನ್ನೂ ಬರೆದಿಡುವುದು ನನ್ನ ಹಳೆಯ ಅಭ್ಯಾಸ: ಎಷ್ಟು ಕಿಲೋ ಎಲೆ, ಹಸು ಕರು ಹಾಕಿದ್ದು, ಗ್ಯಾಸ್ ಬಂದದ್ದು, ಮಂಜು ಇಳಿದ ಹೊತ್ತು. ಮಳೆಗಾಲ ಕಳೆದು ಪ್ರವಾಸಿಗರು ಮತ್ತೆ ಬರುವ ಎರಡನೇ ಸೀಸನ್ನಿನಲ್ಲಿ, ಪಂದ್ಯಾವಳಿ ನಡೆಯುವ ಆ ವಾರ ಮಧ್ಯಾಹ್ನ ಎರಡೂವರೆ, ಮೂರಕ್ಕೆ ಮಂಜು ಇಳಿದೇ ಇಳಿಯುತ್ತದೆ. ಊಟಿಯ ಆ ಮೈದಾನಕ್ಕೆ ಸೂರಿಲ್ಲ, ಬರೀ ಸಿಮೆಂಟಿನ ನೆಲ. ಒದ್ದೆ ಸಿಮೆಂಟಿನ ಮೇಲೆ ಚೆಂಡು ಪುಟಿಯುವುದಿಲ್ಲ. ನಮ್ಮ ಬೆಟ್ಟದ ಹುಡುಗಿಯರಿಗೆ ಅದು ಗೊತ್ತು. ಅವರು ಪುಟಿಸುವುದನ್ನೇ ಬಿಟ್ಟು ಕೈಯಿಂದ ಕೈಗೆ ದಾಟಿಸುತ್ತಾರೆ. ಕೆಳಗಿನಿಂದ ಬಂದ ಉದ್ದನೆಯ ಹುಡುಗಿಯರು ಚೆಂಡಿನ ಜೊತೆ ತಾವೂ ಜಾರುತ್ತಾರೆ. ಹಾಗಾಗಿ ಬೆಳಗಿನ ಪಂದ್ಯ ಕೆಳಗಿನವರಿಗೆ, ಮಧ್ಯಾಹ್ನದ್ದು ನಮ್ಮವರಿಗೆ. ಇಷ್ಟೇ ನನ್ನ ವಿದ್ಯೆ.

ಪಕ್ಕದ ಮನೆ ನನ್ನ ಮೈದುನನದು. ಎರಡು ಮನೆಗೂ ಒಂದೇ ಗೋಡೆ. ದಿನಾ ಸಂಜೆ ನಮ್ಮಲ್ಲಿಗೆ ಟೀ ಕುಡಿಯಲು ಬರುತ್ತಾನೆ. ಹೋದ ವರ್ಷ ನಾನು ಹಾಳೆಯ ಗೆರೆಗಳನ್ನು ಮೊದಲು ಕ್ಯಾಲೆಂಡರಿನ ಹಿಂಬದಿಗೆ ಬರೆದು ನೋಡಿ, ಹಾಗೇ ತೂಗುಹಾಕಿದ್ದೆ. ಮರುದಿನ ಶೆಡ್ಡಿಗೆ ಹಾಳೆ ಒಯ್ದರೆ ತೂಗುವ ಅಣ್ಣ ತಲೆ ಕೆರೆದುಕೊಂಡ.

"ಅಕ್ಕ, ಇದೇ ತರ ಒಂದು ಹಾಳೆ ನಿನ್ನೆ ಸಂಜೇನೇ ಬಂತಲ್ಲ. ಬೇರೆ ಬರಿ."

"ಯಾರದು?"

"ಅದು ಹೇಳಂಗಿಲ್ಲೆ. ಬೇಗ ಬರಿ, ಪೆಟ್ಟಿಗೆ ಮುಚ್ಚೋ ಹೊತ್ತಾತು."

ಅಲ್ಲೇ ನಿಂತು, ಮೂಟೆಯ ಮೇಲೆ ಕಾಗದ ಇಟ್ಟು, ನಾಲ್ಕು ಹೆಸರು ತಿರುಗಿಸಿ ಬರೆದೆ. ಫೈನಲ್ಲಿನದನ್ನೂ. ಮೈದುನ ಗೆದ್ದ, ನಾನು ಹನ್ನೊಂದು ಮನೆಯಲ್ಲಿ ಹನ್ನೊಂದನೆಯವಳಾದೆ. ಪೆಟ್ಟಿಗೆಯಿಂದ ಅವನ ಹಾಳೆ ತೆಗೆದಾಗ ಅದರಲ್ಲಿ ನನ್ನ ಏಳು ಹೆಸರುಗಳೂ ಸಾಲಾಗಿ ಕೂತಿದ್ದವು.

"ಇದು ನನ್ನ ಕ್ಯಾಲೆಂಡರಿನದು" ಎಂದೆ.

"ಕ್ಯಾಲೆಂಡರ್‌ ಅಂದ್ರೆ ಎಲ್ಲರೂ ನೋಡೋಕೆ ಅಲ್ವಾ ಅತ್ತಿಗೆ ತೂಗಾಕೋದು?" ಎಂದ. ಶೆಡ್ಡು ಪೂರ್ತಿ ನಕ್ಕಿತು. ಅದೇ ಉಸಿರಿನಲ್ಲಿ ಹೊಸ ನಿಯಮವನ್ನೂ ಹಾಕಿದ: ಕಡೇ ಮೂಟೆಯವರು ದಿನಾ ಶೆಡ್ಡು ಗುಡಿಸಬೇಕು.

ವರ್ಷಪೂರ್ತಿ ಗುಡಿಸಿದೆ. ಉದುರಿದ ಎಲೆ, ಬೀಡಿಯ ತುಂಡು, ಲಾರಿಯ ಕೆಸರು. ನನ್ನ ಹೆಸರೇ ಕಡೇಮೂಟೆ ಅತ್ತಿಗೆ ಎಂದಾಯಿತು. ಬಸ್ಸಿನಲ್ಲಿ ಕಂಡಕ್ಟರ್ ಕೂಡ "ಕಡೇಮೂಟೆ ಬಂತಾ, ರೈಟ್ ಹೇಳ್ಲಾ?" ಎಂದು ಕೂಗುತ್ತಿದ್ದ. ಮೈದುನನ ಟೀಗೆ ಮೊದಲಿನಷ್ಟೇ ಸಕ್ಕರೆ ಹಾಕಿದೆ. ಗುಡಿಸಿದ ದಿನಗಳಿಗೆ ಮಾತ್ರ ಕ್ಯಾಲೆಂಡರಿನಲ್ಲಿ ಒಂದು ಸಣ್ಣ ಅಡ್ಡಗೆರೆ ಹಾಕುತ್ತಾ ಹೋದೆ.

ಈ ವರ್ಷ ಪಂದ್ಯಾವಳಿಗೆ ಒಂಬತ್ತು ದಿನವಿದ್ದಾಗ ಹಲ್ಲು ತೋರಿಸಲು ಊಟಿಗೆ ಹೋಗಿದ್ದೆ. ಬಸ್ಸಿಗೆ ಹೊತ್ತಿತ್ತು, ದವಡೆ ಊದಿತ್ತು, ಸುಮ್ಮನೆ ಮೈದಾನದ ಕಡೆ ನಡೆದೆ. ಗೇಟಿನ ಮೇಲೆ ಕೈಬರಹದ ನೋಟೀಸು ಅಂಟಿಸಿದ್ದರು: ಹೋದ ವರ್ಷ ಮಂಜಿನಿಂದ ತೊಂದರೆಯಾದ ಕಾರಣ ಈ ಸಲ ಎಲ್ಲ ಪಂದ್ಯಗಳೂ ಬೆಳಿಗ್ಗೆ, ಫೈನಲ್ ಹತ್ತು ಗಂಟೆಗೆ. ಎರಡು ಸಲ ಓದಿದೆ. ಹಲ್ಲುನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮನೆಗೆ ಬಂದು ಕ್ಯಾಲೆಂಡರಿನ ಹಿಂಬದಿಗೆ ಹೋದ ವರ್ಷದ ಹಾಗೆಯೇ ಗೆರೆ ಎಳೆದೆ. ಹೋದ ವರ್ಷದಂತಾದರೆ ಮಧ್ಯಾಹ್ನಕ್ಕೆ ಬೀಳಬೇಕಿದ್ದ ಪಂದ್ಯಗಳಿಗೆ ಬೆಟ್ಟದವರು, ಫೈನಲ್ಲಿಗೆ ಬೆಟ್ಟದ ಸರ್ಕಾರಿ ಕಾಲೇಜು. ಪಂದ್ಯಗಳು ಮಧ್ಯಾಹ್ನವೇ ನಡೆದಿದ್ದರೆ ನಾನು ಅದನ್ನೇ ಕೊಡುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸಂಜೆ ಮೈದುನ ಬಂದ. ಟೀ ಸೋಸಲು ನಾನು ಬೆನ್ನು ತಿರುಗಿಸಿದೆ. ಸೋಸಿ ಆದ ಮೇಲೂ ಸ್ವಲ್ಪ ಹೊತ್ತು ಸೋಸುತ್ತಲೇ ನಿಂತೆ. ಹಿಂದೆ ಕಾಗದ ಸರಸರ ಎಂದಿತು.

"ಈ ವರ್ಷ ಏನು ಅತ್ತಿಗೆ, ಬರೆದಾತಾ?"

"ಎನಗೆ ಎಲ್ಲಿ ಹೊತ್ತು? ಗುಡಿಸೋ ಕೆಲಸ ಇದೆಯಲ್ಲ."

"ಅದೂ ಸರಿ" ಎಂದು ನಕ್ಕು, ಲೋಟ ಖಾಲಿ ಮಾಡಿ ಹೋದ. ಮರುದಿನ ನಾನು ಪೆಟ್ಟಿಗೆ ಮುಚ್ಚುವ ಕೊನೆಯ ಗಳಿಗೆಗೆ ಶೆಡ್ಡಿಗೆ ಹೋಗಿ ಬೇರೆಯದೇ ಹಾಳೆ ಕೊಟ್ಟೆ. ಅದರ ತುಂಬಾ ಕೊಯಮತ್ತೂರಿನ ಕಡೆಯವರು.

ಮೊದಲ ಎರಡು ದಿನದ ಫಲಿತಾಂಶವನ್ನು ತೂಗುವ ಅಣ್ಣ ಫೋನಿನಲ್ಲಿ ಕೇಳಿ ಕೂಗಿ ಹೇಳಿದ. ಒಳ್ಳೆಯ ಬಿಸಿಲಿತ್ತು, ಕೆಳಗಿನವರು ಒಂದೊಂದಾಗಿ ಗೆದ್ದರು. ಆದರೆ ಬೆಟ್ಟದ ಸರ್ಕಾರಿ ಕಾಲೇಜೊಂದು ಮಾತ್ರ ಹೇಗೋ ನುಸುಳಿ ಫೈನಲ್ ತಲುಪಿತು. ಎದುರಿಗೆ ಕೊಯಮತ್ತೂರಿನ ಎಂಜಿನಿಯರಿಂಗ್ ಕಾಲೇಜು. ಶೆಡ್ಡಿನಲ್ಲಿ ಎಲ್ಲರೂ ಫೈನಲ್ಲಿಗೆ ಆ ಎಂಜಿನಿಯರಿಂಗ್ ಕಾಲೇಜನ್ನೇ ಬರೆದಿದ್ದೇವೆಂದು ಬಾಯಿಬಿಟ್ಟರು. ಮೈದುನ ಮಾತ್ರ ಮೀಸೆಯೊಳಗೆ ನಗುತ್ತಾ ಕೂತಿದ್ದ. ಬೆಟ್ಟದವರು ಗೆದ್ದರೆ ಐದು ಅಂಕ ಅವನೊಬ್ಬನಿಗೆ, ಮತ್ತೆ ಅವನೇ ಮೊದಲು. ಸೋತರೆ ಅವನೇ ಕೊನೆ. ನಡುವೆ ನಿಲ್ಲಲು ಅವನಿಗೆ ಜಾಗವೇ ಇರಲಿಲ್ಲ.

ಆ ಸಂಜೆ ಅವನ ಹೆಂಡತಿ, ನನ್ನ ಓರಗಿತ್ತಿ, ತೋಟದಲ್ಲಿ ಪಕ್ಕದ ಸಾಲಿನಲ್ಲಿ ಎಲೆ ಕೀಳುತ್ತಾ ತಲೆ ಎತ್ತದೆ ಕೇಳಿದಳು:

"ಅಕ್ಕ, ನಿನ್ನ ಕ್ಯಾಲೆಂಡರ್‌ ನೋಡಿ ಅವರು ಬರೆದದ್ದು ಸೋಲೋ ಹಾಳೆನಾ?"

ನಾನು ಇನ್ನೊಂದು ಹಿಡಿ ಎಲೆ ಕಿತ್ತೆ.

"ಸೋಲಲಿ. ಆದರೆ ಮೂಟೆ ಹೊರೋದು ನಾನು. ಬಿಸಿಲಲ್ಲಿ ನಿಲ್ಲೋದೂ ನಾನು, ಗುಡಿಸೋದೂ ನಾನು. ಅವರು ಶೆಡ್ಡಿಗೆ ಬರೋದು ನಗೋಕೆ ಮಾತ್ರ."

ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು. ಒಂದು ವರ್ಷ ಕಾದು ಎಳೆದ ಬಾಣಕ್ಕೆ ಇವಳು ಅಡ್ಡ ಬಂದು ನಿಂತಿದ್ದಳು. ಹಾಗೆಂದು ಬಾಣವನ್ನು ಇಳಿಸುವ ಮನಸ್ಸೂ ನನಗೆ ಬರಲಿಲ್ಲ.

ಫೈನಲ್ ನೋಡಲು ಮೊದಲ ಬಸ್ಸಿಗೆ ಐದಾರು ಜನ ಹೋದೆವು. ಒಂಬತ್ತೂವರೆಗೆ ಎಂದೂ ಇಲ್ಲದ ಮಂಜು ಆ ಬೆಳಿಗ್ಗೆ ಮರಗಳ ಮೇಲಿಂದ ಇಳಿದು ಮೈದಾನದಲ್ಲಿ ಕೂತುಬಿಟ್ಟಿತು. ಆಟ ಶುರುವಾಯಿತು. ಚೆಂಡು ಪುಟಿಯಲಿಲ್ಲ. ಎಂಜಿನಿಯರಿಂಗ್ ಹುಡುಗಿಯರು ಜಾರಿದರು. ನಮ್ಮ ಹುಡುಗಿಯರು ಅಂಗೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ ಕೈಯಿಂದ ಕೈಗೆ ದಾಟಿಸಿ ಬುಟ್ಟಿಯ ಮೇಲೆ ಬುಟ್ಟಿ ಹಾಕಿದರು. ಅರ್ಧ ಆಟಕ್ಕೆ ಒಂಬತ್ತು ಅಂಕ ಮುಂದಿದ್ದರು. ಮೈದುನ ಕುಣಿದ. "ಅತ್ತಿಗೆ, ಪೊರಕೆ ಸವೆದಿದ್ರೆ ಹೊಸದು ತಂದುಕೊಡ್ತೇನೆ!"

ನಾನು ಕಣ್ಣು ಮುಚ್ಚಿ ಬೇಡಿಕೊಂಡೆ: ನಮ್ಮ ಹುಡುಗಿಯರು ಸೋಲಲಿ. ಬೆಟ್ಟದಲ್ಲೇ ಹುಟ್ಟಿ ಬೆಟ್ಟದಲ್ಲೇ ಬಾಳಿದವಳು ಹೀಗೆ ಬೇಡಿಕೊಂಡೆ. ಅದಕ್ಕೆ ಇಂದಿಗೂ ನಾಚಿಕೆಯಿದೆ, ಆದರೆ ಪಶ್ಚಾತ್ತಾಪವಿಲ್ಲ.

ಹತ್ತೂ ಮುಕ್ಕಾಲರ ಹೊತ್ತಿಗೆ ಬಿಸಿಲು ಬಿತ್ತು. ಸಿಮೆಂಟು ಮೊದಲು ಹೊಗೆಯಾಡಿತು, ಆಮೇಲೆ ಒಣಗಿತು. ಚೆಂಡಿನ ಸದ್ದು ಬದಲಾಯಿತು; ಠಪ್, ಠಪ್ ಎಂದು ಪುಟಿಯತೊಡಗಿತು. ಉದ್ದನೆಯ ಹುಡುಗಿಯರಿಗೆ ಕಾಲು ಬಂತು. ಎರಡು ಅಂಕದಿಂದ ಅವರು ಗೆದ್ದಾಗ ಆ ಮೂಲೆಯಲ್ಲಿ ಚಪ್ಪಾಳೆ ಹೊಡೆದವಳು ನಾನೊಬ್ಬಳೇ. ಸುತ್ತಲಿನ ನಮ್ಮ ಜನ ತಿರುಗಿ ತಿರುಗಿ ನೋಡಿದರು. ನಾನು ನಿಲ್ಲಿಸಲಿಲ್ಲ.

ಮಧ್ಯಾಹ್ನ ಶೆಡ್ಡಿನಲ್ಲಿ ಪೆಟ್ಟಿಗೆ ತೆರೆದರು. ಅತಿ ಕಡಿಮೆ ತಪ್ಪಿದ್ದ ಹಾಳೆ ನನ್ನದು. ತೂಗುವ ಅಣ್ಣ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದಂತೆ ಮೈದುನ ಎದ್ದು ನಿಂತ.

"ಅದೆಂಗೆ? ಕ್ಯಾಲೆಂಡರ್‌ನಲ್ಲಿ ಹೀಗೆ ಇರಲಿಲ್ಲೆ!"

ಆಗ ಎದ್ದ ನಗುವಿಗೆ ತಗಡಿನ ಸೂರು ಅದುರಿತು.

"ಯಾರ ಕ್ಯಾಲೆಂಡರು ತಮ್ಮಾ?" ಎಂದು ತೂಗುವ ಅಣ್ಣ ಕಣ್ಣೊರೆಸಿಕೊಂಡು ಕೇಳಿದ.

ಮೈದುನನ ಕಿವಿ ಕೆಂಪಾಯಿತು. ಆಮೇಲೆ ತಾನಾಗಿಯೇ ಸಮಾಧಾನ ಮಾಡಿಕೊಂಡು, ಹೆಂಡತಿಯ ಕಡೆ ಗದ್ದದಿಂದ ತೋರಿಸಿ, "ಆಗಲಿ, ನಾಳೆಯಿಂದ ಇವಳು ಕಡೆಗೆ ನಿಲ್ಲುತ್ತಾಳೆ, ಅಷ್ಟೇ ತಾನೆ" ಎಂದ. ಓರಗಿತ್ತಿ ನೆಲ ನೋಡುತ್ತಿದ್ದಳು.

"ಅಕ್ಕ, ಈ ವರ್ಷದ ನಿಯಮ ಹೇಳು" ಎಂದ ತೂಗುವ ಅಣ್ಣ. "ಗುಡಿಸೋದನ್ನ ತೆಗೆದುಹಾಕ್ತೀಯಾ?"

"ತೆಗೆಯೋದಿಲ್ಲ. ಅದು ಒಳ್ಳೇ ನಿಯಮ" ಎಂದೆ. "ಒಂದು ಸೇರಿಸ್ತೇನೆ. ಹಾಳೆ ಬರೆದ ಕೈಯೇ ಮೂಟೆ ತರಬೇಕು. ಬರೆದ ಕೈಯೇ ಗುಡಿಸಬೇಕು. ಹೆಂಡತಿ, ಮಕ್ಕಳು, ಕೂಲಿಯವರು ಯಾರೂ ತರಂಗಿಲ್ಲ."

ಮೈದುನ ಬಾಯಿ ತೆರೆದ. ಎದುರು ಮಾತಾಡುವಂತಿಲ್ಲವೆಂದು ನೆನಪಾಗಿ ಮುಚ್ಚಿದ. ಓರಗಿತ್ತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು, ಭುಜ ಕುಲುಕುತ್ತಿದ್ದವು.

ಸೋಮವಾರ ನನ್ನ ಮೂಟೆ ಮೊದಲು ತೂಗಿಯಾಯಿತು. ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅವರೆ ಸುಲಿದೆ. ಹತ್ತು ಮನೆಯ ಎಲೆ ತೂಗಿದ ಮೇಲೆ ಮೈದುನ ಬಂದ, ಕತ್ತು ಬಗ್ಗಿತ್ತು, ಮೂಟೆ ಹೊರಲು ಅಭ್ಯಾಸವಿಲ್ಲದೆ ಎರಡು ಕಡೆ ಇಳಿಸಿ ಬಂದಿದ್ದನಂತೆ. ಎಲೆ ಕೆಂಪಾಗಿತ್ತು. ಲಾರಿ ಹೋದ ಮೇಲೆ ಪೊರಕೆ ಹಿಡಿದ.

"ಆ ಮೂಲೆ ಬಿಟ್ಟುಹೋತು ನೋಡು" ಎಂದೆ.

ಗುಡಿಸಿ ಮುಗಿಸಿ, ಬೆನ್ನು ಹಿಡಿದುಕೊಂಡು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತ. "ಮಂಜು ಅಲ್ವಾ ಅತ್ತಿಗೆ? ನೀ ಮಂಜು ನೋಡಿ ಬರೆಯೋದು ಅಲ್ವಾ?"

"ಟೀ ಕುಡಿಯೋಕೆ ಬಾ" ಎಂದೆ. "ಕ್ಯಾಲೆಂಡರ್‌ ಅಲ್ಲೇ ತೂಗಾಕಿದೆ."

ಅವನು ಬಂದ. ಕ್ಯಾಲೆಂಡರಿಗೆ ಬೆನ್ನು ಹಾಕಿ ಕೂತು ಕುಡಿದ. ಅವನು ಹೋದ ಮೇಲೆ ಆ ದಿನದ ಚೌಕದಲ್ಲಿ ಬರೆದೆ: ಎಲೆ ನಲವತ್ತೊಂದು ಕಿಲೋ. ಮಂಜು ಎರಡೂ ಮುಕ್ಕಾಲಿಗೆ. ಮೈದುನ ಗುಡಿಸಿದ, ಮೂಲೆ ಬಿಟ್ಟು. ಕೆಳಗೆ ಅವನ ಲೆಕ್ಕದ ಮೊದಲನೆಯ ಅಡ್ಡಗೆರೆ ಎಳೆದೆ.