ಲಂಗದಲ್ಲಿ ಆಸ್ಪತ್ರೆಗೆ ಹೋದ ಬೆಕ್ಕು

ನಾನು ಹಾಕಿದ ಗಂಟು ಬಿಚ್ಚೋದಿಲ್ಲ. ಜಂಬಕ್ಕೆ ಹೇಳ್ತಿಲ್ಲ, ಅರಕಲಗೂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಇಪ್ಪತ್ತೆರಡು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ರವಿಕೆ, ಲಂಗ, ಚೂಡಿದಾರ್ ಹೊಲೀತಿದ್ದೀನಿ. ಹುಕ್ಕು ಕಿತ್ತು ಬಂತು ಅಂತ ಒಬ್ಬ ಗಿರಾಕಿಯೂ ವಾಪಸ್ ಬಂದಿಲ್ಲ. ಬಟ್ಟೆ ತಡವಾಯ್ತು ಅಂತ ಜಗಳಕ್ಕೆ ಬಂದಿದ್ದಾರೆ, ಅದು ಬೇರೆ ವಿಷಯ. ಈ ಗಟ್ಟಿ ಗಂಟಿನಿಂದಲೇ ನಾನೊಂದು ಬೆಕ್ಕನ್ನು ಸಾಯಿಸೋ ಹಂತಕ್ಕೆ ತಂದಿದ್ದೆ.

ಹಿತ್ತಿಲ ಕೊಟ್ಟಿಗೆಯಲ್ಲಿ ನಾನು ಕತ್ತರಿಸಿ ಉಳಿದ ಚಿಂದಿ ತುಂಬಿದ ಮೂಟೆ ಇರ್ತದೆ. ಹೋದ ವರ್ಷ ಅದರ ಮೇಲೆ ಒಂದು ಬೀಡಾಡಿ ಬೆಕ್ಕು ಮರಿ ಹಾಕಿತ್ತು. ಉಳಿದದ್ದು ಒಂದೇ ಮರಿ, ಬೂದಿ ಬಣ್ಣ, ಎದೆ ಮಾತ್ರ ಬೆಳ್ಳಗೆ. ಎದುರು ಮನೆ ಅಕ್ಕ ನೋಡೋಕೆ ಬಂದಳು. ಅವಳು ನಿಪ್ಪಟ್ಟು, ಚಕ್ಕುಲಿ ಮಾಡಿ ಅಂಗಡಿಗಳಿಗೆ ಹಾಕಿ ಒಬ್ಬಳೇ ಬದುಕೋ ಹೆಂಗಸು. ಮರಿಯನ್ನ ಅಂಗೈಯಲ್ಲಿ ಇಟ್ಟುಕೊಂಡು, "ಎಷ್ಟ್ ಚೆಂದಾಗೈತೆ ಕಣಮ್ಮಿ, ಕಣ್ ಕೀಳಕ್ಕಾಯ್ತಿಲ್ಲ" ಅಂದಳು.

ಅಕ್ಕನ ಕಣ್ಣು ಒಳ್ಳೇದಲ್ಲ ಅಂತ ನಮ್ಮ ಬೀದೀಲಿ ಒಂದು ಮಾತಿದೆ. ಮಕ್ಕಳಾಗಲಿಲ್ಲ, ಗಂಡ ಬೇಗ ಹೋದ. ಅಷ್ಟು ಸಾಕು ಜನಕ್ಕೆ. ನಾನು ಇದನ್ನೆಲ್ಲ ನಂಬೋದಿಲ್ಲ ಅಂತ ಹೇಳಿಕೊಂಡು ತಿರುಗೋಳು. ಆದರೆ ಅಕ್ಕ ಆ ಕಡೆ ಹೋಗಿದ್ದೇ ತಡ, ಈ ಕಡೆ ಕಪ್ಪು ದಾರ ತಗೊಂಡೆ. ಹತ್ತಿ ದಾರ ಎಲ್ಲಿ ಕಿತ್ತು ಹೋಗ್ತದೋ ಅಂತ ನೈಲಾನ್ ದಾರವನ್ನೇ ಮೂರು ಎಳೆ ಹುರಿ ಮಾಡಿ, ಮರಿ ಕತ್ತಿಗೆ ಕಟ್ಟಿದೆ. ಮಕ್ಕಳಿಗಾದರೆ ವರ್ಷಕ್ಕೊಂದು ಸಲ ಬಿಚ್ಚಿ ಹೊಸದು ಕಟ್ಟಬಹುದು. ಈ ಮರಿಯನ್ನ ನಾಲ್ಕೇ ದಿನಕ್ಕೆ ತಾಯಿ ಎಲ್ಲಿಗೋ ಕಚ್ಚಿಕೊಂಡು ಹೋಯ್ತು. ನಾನೂ ಮರೆತೆ.

ಹತ್ತು ತಿಂಗಳಾದ ಮೇಲೆ ಕಾಂಪೌಂಡ್ ಗೋಡೆ ಮೇಲೆ ದಪ್ಪ ತಲೆಯ ಒಂದು ಗಂಡು ಬೆಕ್ಕು ಕಾಣಿಸಿಕೊಳ್ತು. ಬೂದಿ ಬಣ್ಣ, ಬೆಳ್ಳನೆ ಎದೆ. ಮನುಷ್ಯರನ್ನ ಕಂಡರೆ ಹುಸ್ ಅಂತ ಹಲ್ಲು ಬಿಡೋದು. ಅದಕ್ಕೆ ನುಂಗೋಕೆ ಕಷ್ಟ ಆಗ್ತಿದೆ ಅಂತ ಮೊದಲು ಕಂಡುಹಿಡಿದವಳು ಅಕ್ಕನೇ. ನಾವಿಬ್ಬರೂ ಗೋಡೆ ಹತ್ತಿರ ಹೋಗಿ ನೋಡಿದರೆ ಕತ್ತಿನ ಕೂದಲೊಳಗೆ ದಾರ ಹೂತು ಹೋಗಿದೆ. ಬೆಕ್ಕು ಬೆಳೆದಿತ್ತು, ದಾರ ಬೆಳೆದಿರಲಿಲ್ಲ.

"ಯಾವ್ ಪಾಪಿ ಕಟ್ದನೋ, ಅವನ್ ಕೈ ಸೇದೋಗ" ಅಂದಳು ಅಕ್ಕ.

ನಾನು ನನ್ನ ಕೈ ಒಂದು ಸಲ ನೋಡಿಕೊಂಡು, "ಊಂ ಕಣಕ್ಕಾ" ಅಂದೆ. ನಾನೇ ಅಂತ ಹೇಳಿದರೆ ಮುಂದಿನ ಪ್ರಶ್ನೆ, ಯಾಕೆ ಕಟ್ಟಿದೆ ಅಂತ. ಆ ಪ್ರಶ್ನೆಗೆ ಅವಳ ಮುಖ ನೋಡಿಕೊಂಡು ಉತ್ತರ ಕೊಡೋ ಧೈರ್ಯ ನನಗಿರಲಿಲ್ಲ.

ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರು, "ಹಿಡ್ಕೊಂಡು ಬನ್ನಿ, ಎರಡು ನಿಮಿಷದ ಕೆಲಸ. ಆದ್ರೆ ಬೇಗ ತನ್ನಿ. ದಾರ ಇನ್ನೂ ಒಳಕ್ಕೆ ಹೋದ್ರೆ ಬೆಕ್ಕು ಉಳಿಯಲ್ಲ" ಅಂದರು. ಆ ಎರಡು ನಿಮಿಷದ ಕೆಲಸಕ್ಕೆ ನನಗೆ ಒಂದು ತಿಂಗಳು ಹಿಡೀತು.

ಮೊದಲು ಬಿದಿರಿನ ದೊಡ್ಡ ಬುಟ್ಟಿ, ಮಂಕರಿಯನ್ನ ಕಡ್ಡಿ ಕೊಟ್ಟು ಎತ್ತಿ ನಿಲ್ಲಿಸಿ, ಕೆಳಗೆ ಮೀನಿಟ್ಟು, ಕಡ್ಡಿಗೆ ದಾರ ಕಟ್ಟಿ ಬಾಗಿಲ ಸಂದೀಲಿ ಕೂತೆ. ಬಿದ್ದದ್ದು ಅಕ್ಕನ ಕೋಳಿ. ಬಿಟ್ಟು ಕಳಿಸಿದೆ. ಮಾರನೇ ದಿನವೂ ಅದೇ ಕೋಳಿ. ಮೂರನೇ ದಿನ ಅದು ನನಗಿಂತ ಮೊದಲೇ ಬಂದು ಮಂಕರಿ ಪಕ್ಕ ಕಾಯ್ತಿತ್ತು. ಬೆಕ್ಕು ಗೋಡೆ ಮೇಲಿಂದ ಎಲ್ಲಾ ನೋಡ್ತಿತ್ತು.

ಆಮೇಲೆ ನಮ್ಮ ಮನೆಯವರು ಮುಂದೆ ಬಂದರು. ಅವರು ಹಾಸನದ ರೂಟಿನ ಬಸ್ ಕಂಡಕ್ಟರ್. ಗೊರೂರಿನಲ್ಲಿ ಬಸ್ ನಿಂತಾಗ ದಿನಾ ಬೆಕ್ಕಿಗೆ ಅಂತ ಸಣ್ಣ ಮೀನು ತರೋರು ಅವರೇ. ಅವರು ಕೊಡೋ ಚಿಲ್ಲರೆಯೂ ಮೀನು ನಾರ್ತದೆ ಅಂತ ಪ್ಯಾಸೆಂಜರುಗಳು ಮೂಗು ಮುರಿಯೋಕೆ ಶುರು ಮಾಡಿದ್ದರು. ಒಂದು ಭಾನುವಾರ ಬೆಕ್ಕು ಕೊಟ್ಟಿಗೆಗೆ ನುಗ್ಗಿದಾಗ ಗೋಣಿಚೀಲ ಹಿಡಿದು ಹಿಂದೆಯೇ ಹೋದರು. "ಇಪ್ಪತ್ತೈದ್ ವರ್ಸದಿಂದ ಜನುನ್ನ ತುಂಬ್ತಾ ಇವ್ನಿ, ಒಂದ್ ಬೆಕ್ ತುಂಬಕ್ಕಾಗಲ್ವಾ?" ಅಂದರು. ಒಳಗಿಂದ ಅವರ ಧ್ವನಿ ಕೇಳಿಸ್ತಿತ್ತು, "ಒಳಿಕ್ ಬಾ, ಒಳಿಕ್ ಬಾ, ಜಾಗ ಐತೆ." ಆಮೇಲೆ ಧ್ವನಿ ನಿಂತಿತು. ಆಚೆ ಬಂದಾಗ ಎರಡೂ ಕೈ ಮೊಣಕೈ ತನಕ ಗೀರು. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಕೋರ್ಸು ಶುರು ಮಾಡಿಸಿದೆವು. "ನಿನ್ ಬೆಕ್ಕು, ನಿನ್ ಕರ್ಮ" ಅಂದುಬಿಟ್ಟರು. ಆದರೆ ಮೀನು ತರೋದು ನಿಲ್ಲಿಸಲಿಲ್ಲ, ಅದನ್ನ ಹೇಳಬೇಕು.

ಕೊನೆಗೆ ನನಗೆ ಗೊತ್ತಿರೋ ವಿದ್ಯೆಗೇ ಬಂದೆ. ಲಂಗದ ಕೆಳಗಿನ ಅಂಚನ್ನು ಎರಡು ಹೊಲಿಗೆ ಹಾಕಿ ಮುಚ್ಚಿಬಿಟ್ಟರೆ, ಸೊಂಟದ ಕಡೆ ಲಾಡಿ ಇದ್ದೇ ಇರ್ತದೆ. ಎಳೆದರೆ ಬಾಯಿ ಮುಚ್ಚೋ ಚೀಲ ತಯಾರು. ಕೈಗೆ ಸಿಕ್ಕಿದ್ದು ಅಕ್ಕ ಅಂಚು ಹೊಲಿಯೋಕೆ ಕೊಟ್ಟಿದ್ದ ಕೇಸರಿ ಬಣ್ಣದ ಲಂಗ. ಕೇಳಿದೆ. "ಒಂದ್ ಜೀವಕ್ಕಿಂತ ಲಂಗ ಎಚ್ಚಾ? ತಕ್ಕೋ" ಅಂದಳು. ಅಂದು, ದಾರ ಕಟ್ಟಿದವನಿಗೆ ಇನ್ನೊಂದು ಸಲ ಶಾಪ ಹಾಕಿದಳು. ದಿನಕ್ಕೆ ಎರಡು ಸಲವಾದರೂ ಹಾಕ್ತಿದ್ದಳು. ನಾನು ದಿನಕ್ಕೆ ಎರಡು ಸಲ ಊಂ ಅಂತಿದ್ದೆ.

ಮೀನಿನ ತಟ್ಟೆಯನ್ನು ದಿನಕ್ಕೆ ಒಂದು ಗೇಣು ಒಳಗೆ ತರ್ತಾ ಬಂದೆ. ಎಲ್ಲಿಟ್ಟೆ ಅಂತ ಮರೆಯಬಾರದು ಅಂತ ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣದಲ್ಲಿ ನೆಲಕ್ಕೆ ಗೀಟು ಎಳೀತಿದ್ದೆ. ಹಿತ್ತಿಲಿಂದ ನಡುಮನೆ, ನಡುಮನೆಯಿಂದ ಮುಂದಿನ ಕೋಣೆ. ಮಿಷನ್ ತುಳಿದರೆ ಮೊದಮೊದಲು ಓಡೋದು. ಅದಕ್ಕೆ ಅಭ್ಯಾಸ ಆಗಲಿ ಅಂತ ಬಟ್ಟೆ ಇಲ್ಲದೆ ಬರೀ ಮಿಷನ್ ತುಳಿದುಕೊಂಡು ಕೂರ್ತಿದ್ದೆ. ಗಿರಾಕಿಗಳ ರವಿಕೆ ಮೂಲೇಲಿ ಬಿದ್ದಿದ್ದವು. ಆಮೇಲೆ ತಟ್ಟೆ ಲಂಗದೊಳಗೆ ಹೋಯ್ತು. ಆರು ದಿನ ಬೆಕ್ಕು ಮುಂದಿನ ಅರ್ಧ ಒಳಗಿಟ್ಟು, ಹಿಂದಿನ ಅರ್ಧ ಹೊರಗಿಟ್ಟು ಊಟ ಮಾಡಿತು. ಉಸಿರಾಡಿದರೆ ಗೊರಗೊರ ಸದ್ದು. ದಿನಾ ಮೀನು ಉಳಿಸೋಕೆ ಶುರು ಮಾಡಿತು. ಸತ್ತರೆ ಕೊಂದವಳು ನಾನೇ, ಬೇರೆ ಯಾರೂ ಅಲ್ಲ.

ಏಳನೇ ದಿನ ಬಾಲವೂ ಒಳಗೆ ಹೋಯ್ತು. ಲಾಡಿ ಎಳೆದೆ.

ಕೇಸರಿ ಲಂಗ ಒಂದು ಕೋಣೆ ತುಂಬಾ ಓಡಾಡೋದನ್ನ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಿಷನ್ ಮೇಲೆ ಹತ್ತಿತು, ಇಸ್ತ್ರಿ ಮೇಜಿಂದ ಬಿತ್ತು, ಬಾಗಿಲಿಗೆ ಗುದ್ದಿತು. ಅಕ್ಕ ಸದ್ದು ಕೇಳಿ ಓಡಿ ಬಂದವಳು ಅದರ ಮೇಲೆ ಸೀರೆಯಲ್ಲೇ ಕವುಚಿ ಬಿದ್ದು ಹಿಡಿದಳು. ಆಟೋ ಮಾಡಿಕೊಂಡು ಇಬ್ಬರೂ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಗುರುಗುಟ್ಟೋ ಲಂಗ ನೋಡಿ, "ಇದರಲ್ಲಿ ತಲೆ ಯಾವ ಕಡೆ?" ಅಂದರು. ಬಟ್ಟೆ ಮೇಲಿಂದಲೇ ಇಂಜೆಕ್ಷನ್ ಕೊಟ್ಟು, ಅದು ಮಲಗಿದ ಮೇಲೆ ಕತ್ತಿನ ಕೂದಲು ಬೋಳಿಸಿ, ಸಣ್ಣ ಕತ್ತರಿ ತೂರಿಸಿ ದಾರ ತೆಗೆದರು. ಕೆಳಗೆ ಸುತ್ತಲೂ ಹಸಿ ಗಾಯ.

"ಬದುಕ್ತದೆ" ಅಂದರು. ಅವರು ದಾರವನ್ನ ಬೆಳಕಿಗೆ ಹಿಡಿದು, "ಇಷ್ಟು ಗಟ್ಟಿಯಾಗಿ ಯಾರ್ರೀ ಕಟ್ಟಿದ್ದು?" ಅಂದರು.

ಅಕ್ಕ ಬಾಯಿ ತೆರೆದಳು. ಇನ್ನೊಂದು ಶಾಪ ಬರೋದರಲ್ಲಿತ್ತು.

"ನಾನೇ ಸಾ" ಅಂದೆ.

ಅಕ್ಕ ನನ್ನ ಕಡೆ ತಿರುಗಿದಳು. "ಒಂದ್ ತಿಂಗ್ಳಿಂದ ನನ್ ಬಾಯಲ್ಲಿ ನಿನ್ನೇ ಬೈಸ್ದ್ಯಾ?"

"ಊಂ."

"ಯಾಕ್ ಕಟ್ದೆ? ಯಾರ್ ಕಣ್ ಬೀಳ್ತದೆ ಅಂತ?"

ಸುಳ್ಳು ಹೇಳಬಹುದಿತ್ತು. ನಾನು ಗಿರಾಕಿಗಳಿಗೆ ದಿನಾ ಹೇಳ್ತೀನಿ, ನಾಳೆ ಆಗ್ತದೆ, ಹುಕ್ಕೊಂದೇ ಬಾಕಿ ಅಂತ. ಅವತ್ತು ಬಾಯಿಗೆ ಒಂದೂ ಬರಲಿಲ್ಲ.

"ನಿಂದೇ ಕಣಕ್ಕಾ" ಅಂದೆ.

ಅವಳು ಮಲಗಿದ್ದ ಬೆಕ್ಕಿಗೆ ಲಂಗ ಹೊದಿಸಿದಳು. "ನಾನ್ ಬತ್ತೀನಿ ಅಂದ್ರೆ ಜನ ಕೂಸ್ಗೊಳ್ನ ಒಳಿಕ್ ಎಳ್ಕತಾರೆ, ಅದು ನಂಗೊತ್ತು" ಅಂದಳು. "ಬೆಕ್ಕಿಗೂ ದಾರ ಕಟ್ದೋಳು ನೀನೊಬ್ಳೇಯಾ."

ಡಾಕ್ಟರು ತಮಾಷೆ ಅಂದುಕೊಂಡು ಜೋರಾಗಿ ನಕ್ಕರು. ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ. ಎಲ್ಲದಕ್ಕೂ ಮಾತು ಇಟ್ಟುಕೊಂಡಿರೋ ನಾನು, "ತಪ್ಪಾಯ್ತಕ್ಕಾ" ಅಂತಲೂ ಸರಿಯಾಗಿ ಹೇಳಲಾರದೆ ಅಳ್ತಾ ನಿಂತೆ.

ಹತ್ತು ದಿನ ಒಳಗೇ ಕೂಡಿಹಾಕಿ ಮುಲಾಮು ಹಚ್ಚಬೇಕು ಅಂದರು ಡಾಕ್ಟರು. ನಮ್ಮ ಮನೆ ತುಂಬಾ ಗಿರಾಕಿಗಳ ರೇಷ್ಮೆ ಸೀರೆ, ಬೆಕ್ಕು ಬಿಟ್ಟರೆ ನಾನು ಊರು ಬಿಡಬೇಕಾಗ್ತದೆ. ಅಕ್ಕ ಲಂಗದ ಮೂಟೆಯನ್ನ ಎತ್ತಿ ತೊಡೆ ಮೇಲಿಟ್ಟುಕೊಂಡು ಆಟೋದಲ್ಲಿ ಕೂತಳು. ಇಳಿದು ಮೂಟೆ ಸಮೇತ ತನ್ನ ಮನೆ ಕಡೆ ಹೋದಳು.

ಮೊದಲ ಮೂರು ದಿನ ಅದು ಅವಳ ಮಂಚದ ಕೆಳಗೇ ಇತ್ತಂತೆ. ಐದನೇ ದಿನ ಕೈಯಿಂದ ಮೀನು ತಿಂತು. ಹತ್ತನೇ ದಿನ ಬಾಗಿಲು ತೆಗೆದಿಟ್ಟರೆ ಹೊಸ್ತಿಲ ತನಕ ಬಂದು, ಬೀದಿ ನೋಡಿ, ವಾಪಸ್ ಹೋಗಿ ಅವಳ ನಿಪ್ಪಟ್ಟಿನ ಡಬ್ಬಗಳ ಪಕ್ಕ ಮಲಗಿತು. ಈಗ ಅಲ್ಲೇ ಇದೆ. ಬೀದಿ ಮಕ್ಕಳು ಬೆಕ್ಕು ನೋಡೋಕೆ ಅಂತ ಅವಳ ಮನೆಗೆ ನುಗ್ತವೆ, ತಾಯಂದಿರು ಬೈತಾ ಹಿಂದೆ ಬಂದು, ಒಂದು ಗಳಿಗೆ ಕೂತು, ನಿಪ್ಪಟ್ಟು ತಿಂದು ಹೋಗ್ತಾರೆ. ನನ್ನನ್ನ ಕಂಡರೆ ಮಾತ್ರ ಬೆಕ್ಕು ಇವತ್ತಿಗೂ ಹುಸ್ ಅಂತದೆ. ಮೀನು ತೊಳೆದು ತಗೊಂಡು ಹೋಗೋಳು ನಾನೇ. ಅಕ್ಕ ಅದನ್ನ ಎತ್ತಿ ಹಿಡ್ಕೊಳ್ತಾಳೆ, ತಟ್ಟೆ ಇಟ್ಟು ನಾನು ದೂರ ನಿಲ್ತೀನಿ.